ಮೂರನೇ ಗೇಟಿನ ತನಕ

ಕೀಲಿ ಎರಡೂ ಟೇಬಲ್ ಮ್ಯಾಲ ಇಟ್ಟೇನಿ.
ಆರ್‌ಸಿ ಕಾರ್ಡು, ಇನ್ಶೂರೆನ್ಸು, ಮಾರಾಟದ ಫಾರ್ಮು,
ಸಹಿ ಮಾಡೂ ಜಾಗಾದಾಗ ಗ್ರೀಸಿನ ಹೆಬ್ಬಟ್ಟು.
ನಿಪ್ಪಾಣಿ ಮಗದುಮ್ಮರ ಹುಡುಗ, ಸಂಕೇತ,
ಗಾಡಿ ಸುತ್ತ ಎರಡು ಸಲ ತಿರುಗಿದ.
ಮುಟ್ಟಲಿಲ್ಲ. ಅದು ನನಗ ಸೇರಿತು.

ಹದಿನಾಲ್ಕು ವರ್ಷದ ಹಿಂದ ತಂದಾಗ
ಇದು ಬರೇ ಒಂದು ಸೀಡಿಯಾ,
ಯಾರೋ ಡಾಕ್ಟರು ಕ್ಲಿನಿಕ್ಕಿಗೆ ಹೋಗಿ ಬರೂ ಬಿಳಿ ಗಾಡಿ.
ಉದ್ಯಮಬಾಗದ ಶೆಡ್ಡಿನಾಗ
ಹಗಲೆಲ್ಲಾ ಮಂದಿಯ ಪಂಪಿನ ಶಾಫ್ಟು,
ರಾತ್ರಿ ಇದರ ಕೆಲಸ.
ಫ್ಲೈವೀಲ್ ಲೇತಿಗೆ ಕಟ್ಟಿ
ಕೂದಲೆಳಿ ಕೂದಲೆಳಿ ಎರಡು ಕಿಲೋ ತಗದೆ,
ಬೀಡಿನ ಕರೀ ಹುಡಿ ಮೂರು ದಿನ ಮೂಗಿನಾಗ ಇತ್ತು.
ದಸ್ತಗೀರ ಹೆಡರ್ ಬೆಸದು ಕೊಟ್ಟ:
ಜಗಳಾಡಿ ಹೋದ ನಾಲ್ಕು ಮಂದಿ ಅಣ್ಣತಮ್ಮರು
ಬಾಗಿ ಬಾಗಿ ಒಂದ ಮನಿಗೆ ಹೊಳ್ಳಿ ಬಂದಂಗ ನಾಲ್ಕು ಪೈಪು.
ಪುಣೆದಿಂದ ಗಿಡ್ಡ ಸ್ಪ್ರಿಂಗ್ ತರಿಸಿ ಹೊಟ್ಟಿ ಇಳಿಸಿದೆ;
ಖಾನಾಪುರ ರಸ್ತಾದ ಒಂದೊಂದು ಹಂಪೂ
ಆ ಹೊಟ್ಟಿ ಮ್ಯಾಲ ತನ್ನ ಹೆಸರ ಗೀರೇತಿ.

ಚನ್ನಮ್ಮ ಸರ್ಕಲ್ಲಿನಾಗ ಐದು ಸಲ ದಂಡ ಕಟ್ಟೇನಿ.
ಐದನೇ ಸಲ ಆ ಹವಾಲ್ದಾರ ಪಾವತಿ ಹರದು ಕೊಟ್ಟು
ಅತ್ತಾಗ ಇತ್ತಾಗ ನೋಡಿ
"ಒಮ್ಮಿ ರೇಸ್ ಮಾಡ್ರಿ, ಕೇಳೂಣು" ಅಂದ.

ವಂಟಮುರಿ ಘಾಟಿನಾಗ, ನಸುಕಿನ ಐದಕ್ಕ,
ಮೂರನೇ ಗಿಯರು, ಐದೂವರಿ ಸಾವಿರ...
ಆ ದನಿ ಬಗ್ಗೆ ಏನ ಹೇಳ್ಲಿ.
ಬಾಯಾಗ ಬೆಲ್ಲ ಇದ್ದಾಂವ ಮಾತಾಡ್ತಾನೇನು?

ಮಜಗಾವಿ ಮನ್ಯಾಗ ಕುಸುಮಾಗ ಅದು ಗಡಿಯಾರ.
ನಾ ಊರಾಗಿಂದ ಹೊಳ್ಳುವಾಗ
ಮೂರನೇ ಗೇಟಿನಾಗ ಸಪ್ಪಳ ಕೇಳಿದ್ರ
ಹಂಚು ಒಲಿ ಮ್ಯಾಲ ಇಡ್ತಿದ್ಲು.
ನಾ ಕೈ ತೊಳಿಯೂದರಾಗ ರೊಟ್ಟಿ ಉಬ್ಬಿರ್ತಿತ್ತು.

ಮೂವತ್ತು ವರ್ಷ ಲೇತಿನ ಬಾಜೂಕ ನಿಂತಾಂವನ ಕಿವಿ
ಹೆಂಗ ಹೋಗ್ತಾವ ಅಂದ್ರ,
ಮೊದಲ ಗುಬ್ಬಿ ಹೋಗ್ತಾವ.
ಆಮ್ಯಾಲ ಕುಕ್ಕರಿನ ಸೀಟಿ.
ಆಮ್ಯಾಲ ಸಣ್ಣ ಮಕ್ಕಳ ಮಾತಿನ ತುದಿ.
ಡಾಕ್ಟರು ಹಾಳಿ ಮ್ಯಾಲ ಒಂದು ಗೆರಿ ತೋರಿಸಿದ್ರು,
ಬಲಕ್ಕ ಹೋದಂಗ ಇಳಕೋತ ಇಳಕೋತ ಹೋಗೂ ಗೆರಿ.
ಕಿವಿಗೆ ಮಶೀನ್ ಕೊಟ್ರು. ಹಾಕ್ಕೊಂಡು ಗಾಡಿ ಶುರು ಮಾಡಿದೆ:
ತಗಡಿನ ಡಬ್ಬ್ಯಾಗ ಯಾರೋ ಜ್ವಾಳ ಅಲ್ಲಾಡಿಸಿದಂಗಾತು.
ತಗದು ಕಿಸೆದಾಗ ಇಟ್ಟೆ.
ಎರಡು ವರ್ಷ ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟು ಕೇಳೇನಿ.
ಕೇಳತೈತಿ ಅಂತ ತಿಳಕೊಂಡಿದ್ದೆ.

ಸಂಕೇತ ಶುರು ಮಾಡಿ ಕೆಳಗ ಇಳದು
ತಲಿ ಒಂದು ಕಡೆ ವಾಲಿಸಿ ನಿಂತ.
"ಕಾಕಾ, ಟ್ಯಾಪೆಟ್ ಬಡೀತೈತಲ್ರಿ."
ಅಂಜಕೋತನ ಹೇಳಿದ,
ರೇಟ್ ಇಳಿಸೂ ನೆವ ಅಂತ ನಾ ತಿಳದೇನು ಅಂತ.
ನಾ ಅಂಗೈ ಇಟ್ಟೆ.
ಬಿಸಿ ಅಷ್ಟ ಹತ್ತಿತು.
ಯಾವಾಗಿಂದ ಬಡೀತಿತ್ತೋ ಪಾಪ.

ಅಂವಾ ಇಪ್ಪತ್ತು ಸಾವಿರ ಕಡಿಮಿ ಕೇಳಿದ.
ನಾ ಮೂವತ್ತು ಬಿಟ್ಟೆ.
ಕುಸುಮಾ ಬಾಗಲದಾಗಿಂದ ಕಣ್ಣ ತಗದ್ಲು.

ಕಂಪನಿ ಸೈಲೆನ್ಸರು, ಕಂಪನಿ ಸ್ಪ್ರಿಂಗು
ಗೋಣಿಚೀಲದಾಗ ಕಟ್ಟಿ ಡಿಕ್ಕಿಗೆ ಹಾಕಿದೆ,
ಪಾಸಿಂಗಿಗೆ ಬೇಕಾಗ್ತಾವ.
ಗಿಯರಿನ ಹಿತ್ತಾಳಿ ಗುಂಡು ನಾನ ತಿರುವಿದ್ದು.
"ಇದನ್ನ ಬಿಚ್ಚಿಕೊಳ್ತೀರೇನ್ರಿ?" ಅಂದ.
"ಇರಲಿ. ಚಳಿ ದಿನದಾಗ ಭಾಳ ತಣ್ಣಗಿರ್ತೈತಿ,
ಮೊದಲ ಒಂದು ಗಳಿಗಿ ಸುಮ್ಮನ ಹಿಡಕೊಂಡು ಕೂಡು" ಅಂದೆ.

ಹೋತು. ತಿರುವಿನ ತನಕ ಕಂಡಿತು.
ಆಮ್ಯಾಲ ನನಗ ಓಣಿ ಖಾಲಿ.
ಕುಸುಮಾ ಹೊಸ್ತಿಲದಾಗ ನಿಂತಿದ್ಲು,
ನಾ ಅಕಿ ಮಾರಿ ನೋಡಕೋತ ನಿಂತೆ.
ಬಳ್ಳ ಎತ್ತಿ, ತಡೀರಿ, ಅಂದ್ಲು.
ತಡದೆ.
"ಮೂರನೇ ಗೇಟಿಗೆ ಬಂತು. ಬ್ರಿಜ್ ಏರಾಕತ್ತೇತಿ."
(ಗೇಟ್ ಹೋಗಿ ಬ್ರಿಜ್ ಆದ್ರೂ ನಮಗದು ಗೇಟ.)
ಮತ್ತೊಂದು ಗಳಿಗಿ.
"ಎರಡನೇ ಗಿಯರಿನಾಗ ಭಾಳ ಎಳೀತಾನ ಹುಡುಗ" ಅಂದ್ಲು,
ಬಳ್ಳ ಇಳಿಸಿದ್ಲು.
ಇನ್ನೂ ಹತ್ತೂ ಬಡದಿರಲಿಲ್ಲ,
ಒಳಗ ಹೋಗಿ ಹಂಚು ಇಟ್ಲು.